ಗಂಜಿ ತಿಳಿ ಕುಡಿದರೆ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ

ಪ್ರಶ್ನೆ: ಮಗಳಿಗೆ ಎಂಟು ತಿಂಗಳು. ಆರು ತಿಂಗಳಿಗೆ 6.4 ಕೆ.ಜಿ. ಇದ್ದಳು, ಈಗ 6.6 ಕೆ.ಜಿ. ಎದೆಹಾಲಿನ ಜೊತೆ ದಿನಕ್ಕೆ ಮೂರು ಸಲ ಕುಚ್ಚಲಕ್ಕಿ ಗಂಜಿಯ ತಿಳಿ, ಒಮ್ಮೆ ಬಟ್ಟೆಯಲ್ಲಿ ಸೋಸಿದ ರಾಗಿ ಮಣ್ಣಿ ಕೊಡುತ್ತೇನೆ. ಪ್ರತಿಸಲ ಬಟ್ಟಲು ಖಾಲಿ ಮಾಡುತ್ತಾಳೆ. ಇಷ್ಟು ಉಣ್ಣುವ ಮಗುವಿನ ತೂಕ ಯಾಕೆ ಏರುತ್ತಿಲ್ಲ? ಗಟ್ಟಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅತ್ತೆಯವರಿಗೆ ಹೆದರಿಕೆ. (ಕಾಪುವಿನಿಂದ ಒಬ್ಬ ತಾಯಿ)

ಉತ್ತರ: ನಿಮ್ಮ ಮಗು ಉಣ್ಣುತ್ತಿಲ್ಲ, ಕುಡಿಯುತ್ತಿದೆ. ವ್ಯತ್ಯಾಸ ಅಲ್ಲಿಯೇ ಇದೆ.

ಮೊದಲು ತೂಕದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎಂಟು ತಿಂಗಳ ಹೆಣ್ಣುಮಗುವಿನ ನಡುಗೆರೆ 7.9 ಕೆ.ಜಿ., ಕೆಳಗೆರೆ 6.3 ಕೆ.ಜಿ. ನಿಮ್ಮ ಮಗಳು ಕೆಳಗೆರೆಗಿಂತ ಮೇಲೆಯೇ ಇದ್ದಾಳೆ, ಆದ್ದರಿಂದ ಇವತ್ತೇ ಗಾಬರಿಪಡುವ ಕಾರಣವಿಲ್ಲ. ಆದರೆ ಆರರಿಂದ ಎಂಟು ತಿಂಗಳ ನಡುವೆ ಸಾಮಾನ್ಯವಾಗಿ ಸುಮಾರು 600 ಗ್ರಾಂ ಏರಬೇಕು, ಇವಳದ್ದು 200 ಏರಿದೆ. ತಾಯಿ ಕಾರ್ಡಿನ ಪಟ್ಟಿಯಲ್ಲಿ ಚುಕ್ಕಿಗಳನ್ನು ಸೇರಿಸಿ ನೋಡಿದರೆ ಗೆರೆ ಅಡ್ಡಕ್ಕೆ ಮಲಗಿದ ಹಾಗೆ ಕಾಣುತ್ತದೆ. ನಾವು ಗಮನಿಸಬೇಕಾದದ್ದು ಅದನ್ನೇ.

ಈ ವಯಸ್ಸಿನ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಕೆ.ಜಿ.ಗೆ ಸುಮಾರು 30 ಮಿ.ಲೀ. ಅಂದರೆ ನಿಮ್ಮ ಮಗಳಿಗೆ 200 ಮಿ.ಲೀ. ಅಷ್ಟೇ. ಆ ಜಾಗವನ್ನು ತಿಳಿಯಿಂದ ತುಂಬಿಸಿದರೆ ಹೊಟ್ಟೆ ಉಬ್ಬಿ ಮಗು ಬಾಯಿ ತಿರುಗಿಸುತ್ತದೆ, ಆಮೇಲೆ ಎದೆಹಾಲನ್ನೂ ಕಡಿಮೆ ಕುಡಿಯುತ್ತದೆ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಹೊರತಾಗಿ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತು ತಿಂಗಳಿನಿಂದ 300 ಕ್ಯಾಲೊರಿ ಆಹಾರದಿಂದ ಬರಬೇಕು. ಗಂಜಿ ಬಸಿದಾಗ ಶಕ್ತಿಯ ಬಹುಪಾಲು ಅಗುಳಿನಲ್ಲೇ ಉಳಿಯುತ್ತದೆ. ಆ ಅಗುಳನ್ನು ದೊಡ್ಡವರು ಉಂಡು, ತಿಳಿಯನ್ನು ಮಗುವಿಗೆ ಕೊಡುವ ನಮ್ಮ ಕರಾವಳಿಯ ರೂಢಿ ಪ್ರೀತಿಯಿಂದಲೇ ಬಂದದ್ದು, ಆದರೆ ಪಾಲು ತಿರುಗುಮುರುಗಾಗಿದೆ.

ನಾಳೆಯಿಂದ ಹೀಗೆ ಮಾಡಿ. ದೊಡ್ಡ ಚಮಚದಲ್ಲಿ ಎರಡು ಚಮಚ (30 ಗ್ರಾಂ) ಕುಚ್ಚಲಕ್ಕಿ, ಒಂದು ಚಮಚ (15 ಗ್ರಾಂ) ಹೆಸರುಬೇಳೆ ತೊಳೆದು ಮೂರು ನಾಲ್ಕು ಗಂಟೆ ನೆನೆಸಿ. ಕುಚ್ಚಲಕ್ಕಿ ನೆನೆಯದೆ ಬೇಗ ಬೇಯುವುದಿಲ್ಲ. ಇಷ್ಟು ಸ್ವಲ್ಪವನ್ನು ನೇರವಾಗಿ ಕುಕ್ಕರಿಗೆ ಹಾಕಿದರೆ ತಳ ಹಿಡಿಯುತ್ತದೆ, ಆದ್ದರಿಂದ ಒಂದು ಪಾತ್ರೆಯಲ್ಲಿ 250 ಮಿ.ಲೀ. ನೀರಿನ ಜೊತೆ ಹಾಕಿ, ಪಾತ್ರೆಯನ್ನು ಕುಕ್ಕರಿನೊಳಗೆ ಇಡಿ. ಒಂದು ವಿಸಿಲ್ ಆದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಬಿಡಿ. ಪ್ರೆಷರ್ ತಾನಾಗಿ ಇಳಿಯಲಿ. ಅಗುಳು ಎರಡು ಬೆರಳ ನಡುವೆ ಒತ್ತಿದರೆ ಗಟ್ಟಿಕಣ ಸಿಗದೆ ಕರಗಬೇಕು, ಸಿಕ್ಕಿದರೆ ಇನ್ನೂ ಹತ್ತು ನಿಮಿಷ ಬೇಯಿಸಿ. ಆಮೇಲೆ ಮಿಕ್ಸಿಗೆ ಹಾಕಬೇಡಿ, ಸೌಟಿನ ಹಿಂಬದಿಯಿಂದ ಮಸೆಯಿರಿ. ಎಂಟು ತಿಂಗಳಿಗೆ ಸಣ್ಣ ತರಿ ನಾಲಿಗೆಗೆ ಸಿಗಲೇಬೇಕು. ನುಣ್ಣಗೆ ಅರೆದದ್ದನ್ನೇ ಒಂದು ವರ್ಷದವರೆಗೆ ಕೊಟ್ಟ ಮಕ್ಕಳು ಮುಂದೆ ಅನ್ನ ಕಂಡರೆ ಓಕರಿಸುವುದುಂಟು.

ಇದು ಎರಡು ಊಟಕ್ಕೆ ಸಾಕು, ಒಂದೊಂದು ಊಟಕ್ಕೆ 250 ಮಿ.ಲೀ. ಬಟ್ಟಲಿನ ಅರ್ಧ. ಉಣಿಸುವ ಮೊದಲು ಅರ್ಧ ಬಟ್ಟಲಿಗೆ ಒಂದು ಚಹಾ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಬೆರೆಸಿ. ಆ ಒಂದು ಚಮಚದಲ್ಲೇ ಸುಮಾರು 40 ಕ್ಯಾಲೊರಿ ಇದೆ, ಜಾಗ ಮಾತ್ರ ಹಿಡಿಯುವುದಿಲ್ಲ. ಎರಡು ಊಟ ಸೇರಿ 230 ಕ್ಯಾಲೊರಿ ದಾಟುತ್ತದೆ. ಮೂರನೆಯದು ಹಣ್ಣು ಅಥವಾ ಮೊಟ್ಟೆ ಇರಲಿ. ಮಾಡಿದ ಎರಡನೇ ಪಾಲನ್ನು ಫ್ರಿಜ್ಜಿನಲ್ಲಿಟ್ಟು ಅದೇ ದಿನ ಕುದಿಬಿಸಿ ಮಾಡಿ ಕೊಡಿ. ನಮ್ಮ ಸೆಕೆಯಲ್ಲಿ ಹೊರಗಿಟ್ಟ ಗಂಜಿ ಎರಡು ಗಂಟೆ ದಾಟಿದರೆ ಮಗುವಿಗಲ್ಲ. ಒಂದು ವರ್ಷ ಆಗುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಬೆಲ್ಲದಲ್ಲಿ ಕಬ್ಬಿಣಾಂಶವಿದೆ ಎನ್ನುತ್ತಾರೆ, ಆದರೆ ಮಣ್ಣಿಗೆ ಹಾಕುವಷ್ಟರಲ್ಲಿ ಲೆಕ್ಕಕ್ಕೆ ಸಿಗುವುದು ಏನೂ ಇಲ್ಲ. ಜೇನುತುಪ್ಪವಂತೂ ಒಂದು ವರ್ಷದೊಳಗೆ ತುದಿನಾಲಿಗೆಗೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸಡಿಲ ಮಾಡುವ ವಿಷ ಬಿಡುತ್ತದೆ.

ಹದ ತಿಳಿಯಲು ಯಂತ್ರ ಬೇಡ. ಒಂದು ಚಮಚ ತುಂಬಿಸಿ ಓರೆ ಮಾಡಿ. ನೀರಿನ ಹಾಗೆ ಸುರಿದರೆ ತೆಳು. ಒಂದು ಕ್ಷಣ ಚಮಚಕ್ಕೆ ಅಂಟಿ ನಿಂತು, ಆಮೇಲೆ ಮುದ್ದೆಯಾಗಿ ಜಾರಿ ಬಿದ್ದರೆ ಅದೇ ಹದ. ತಿಳಿಯನ್ನು ಚೆಲ್ಲಬೇಕಿಲ್ಲ, ತೀರಾ ಗಟ್ಟಿಯಾದಾಗ ಒಂದೆರಡು ಚಮಚ ಸಡಿಲಿಸಲು ಅದೇ ಒಳ್ಳೆಯದು.

ರಾಗಿ ಮಣ್ಣಿಯ ಬಗ್ಗೆ ಒಂದು ಬೇಸರದ ಮಾತು ಹೇಳಬೇಕು. ಬಟ್ಟೆಯಲ್ಲಿ ಸೋಸುವಾಗ ಸಿಪ್ಪೆಯ ಜೊತೆ ಖನಿಜಗಳೂ ಬಟ್ಟೆಯಲ್ಲೇ ಉಳಿಯುತ್ತವೆ. ರಾಗಿಯಲ್ಲಿ ಸುಣ್ಣಾಂಶ ನಿಜಕ್ಕೂ ಹೇರಳ. ಕಬ್ಬಿಣ ಅಷ್ಟಿಲ್ಲ, 20 ಗ್ರಾಂ ರಾಗಿಯಲ್ಲಿ ಸುಮಾರು 1 ಮಿ.ಗ್ರಾಂ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪ, ಯಾಕೆಂದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಫೈಟೇಟ್ ತಗ್ಗುತ್ತದೆ. ರಾಗಿ 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಒಂದೂವರೆ ದಿನ ಇಟ್ಟು, ಒಣಗಿಸಿ, ಹದವಾಗಿ ಹುರಿದು ಪುಡಿ ಮಾಡಿ. ಮೊಳಕೆ ರಾಗಿಗೆ ಇನ್ನೊಂದು ಗುಣವಿದೆ. ಪಿಷ್ಟವನ್ನು ಒಡೆಯುವ ಕಿಣ್ವ ಅದರಲ್ಲಿ ಎದ್ದಿರುತ್ತದೆ. ಗಟ್ಟಿಯಾಗಿ ಬೇಯಿಸಿದ ಗಂಜಿ ಬೆರಳು ತಾಗಿಸಲು ಬಿಸಿ ಎನ್ನುವಷ್ಟಕ್ಕೆ ಆರಿದಾಗ ಒಂದು ಚಹಾ ಚಮಚ ಈ ಪುಡಿ ಕಲಸಿ ಹತ್ತು ನಿಮಿಷ ಬಿಡಿ. ನೀರು ಹಾಕದೆಯೇ ಅದು ಸಡಿಲವಾಗುತ್ತದೆ, ಶಕ್ತಿ ಮಾತ್ರ ಅಷ್ಟೇ ಇರುತ್ತದೆ. ಮತ್ತೆ ಎರಡು ನಿಮಿಷ ಕುದಿಸಿ ಕೊಡಿ. ಗಟ್ಟಿ ನುಂಗಲಾಗದ ಮಗುವಿಗೆ ಇಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಇದಕ್ಕಾಗಿ ತೆಗೆದಿಡುವ ಪುಡಿಯನ್ನು ಬಲವಾಗಿ ಹುರಿಯಬಾರದು, ಹುರಿದರೆ ಕಿಣ್ವ ಸಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಳಕೆ ರಾಗಿ ಒಣಗುವ ಮೊದಲೇ ಬೂಷ್ಟು ಬರುತ್ತದೆ. ವಾಸನೆ ಬಂದದ್ದನ್ನು ತೊಳೆದು ಬಳಸದೆ ಎಸೆದುಬಿಡಿ. ಮೇ ತಿಂಗಳ ಬಿಸಿಲಿನಲ್ಲೇ ಎರಡು ತಿಂಗಳಿಗಾಗುವಷ್ಟು ಮಾಡಿ ಗಾಳಿಯಾಡದ ಡಬ್ಬದಲ್ಲಿಟ್ಟರೆ ಈ ತೊಂದರೆ ಇಲ್ಲ.

ಹುಟ್ಟುವಾಗ ಮಗು ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಖಾಲಿಯಾಗಿರುತ್ತದೆ. ಮೀನು ತಿನ್ನುವ ಮನೆಯಾದರೆ ಈಗಲೇ ಶುರು ಮಾಡಬಹುದು. ಕಾಣೆ ಅಥವಾ ನಂಗ್ ಒಳ್ಳೆಯದು. ಮೆಣಸು ಉಪ್ಪಿಲ್ಲದೆ ಹಬೆಯಲ್ಲಿ ಬೇಯಿಸಿ, ಬೆರಳಿನಿಂದ ಪುಡಿ ಮಾಡುತ್ತಾ ಮುಳ್ಳು ತಡವಿ ತೆಗೆಯಿರಿ. ಕಣ್ಣಿಗಿಂತ ಬೆರಳೇ ನಂಬಿಕಸ್ಥ. ಮೊದಲ ದಿನ ಒಂದು ಚಹಾ ಚಮಚ ಸಾಕು. ಬೂತಾಯಿಯೂ ಒಳ್ಳೆಯ ಮೀನು, ಆದರೆ ಸಣ್ಣ ಮುಳ್ಳಿನ ಕಾರಣ ಸ್ವಲ್ಪ ದೊಡ್ಡದಾದ ಮೇಲೆ ಇರಲಿ. ಸಸ್ಯಾಹಾರಿಗಳು ಬೇಳೆಯ ಜೊತೆ ಹರಿವೆ ಸೊಪ್ಪು ಬೇಯಿಸಿ, ಬಟ್ಟಲಿಗೆ ನಾಲ್ಕು ಹನಿ ಲಿಂಬೆರಸ ಹಿಂಡಬೇಕು. ಲಿಂಬೆಯ ಸಿ ಜೀವಸತ್ವ ಇಲ್ಲದೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಇದರ ಮೇಲೆ ಸರಕಾರದ ಕಬ್ಬಿಣದ ಸಿರಪ್ಪು, ವಾರಕ್ಕೆ ಎರಡು ಸಲ 1 ಮಿ.ಲೀ., ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ.

ಅತ್ತೆಯವರ ಹೆದರಿಕೆಗೆ ಗೌರವ ಕೊಟ್ಟೇ ಹೇಳಬೇಕು: ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ. ಮಗು ಮುಖ ಕೆಂಪು ಮಾಡಿ ಸದ್ದು ಮಾಡುತ್ತಾ ಕೆಮ್ಮಿದರೆ ಅದರ ಗಂಟಲು ತನ್ನ ಕೆಲಸ ತಾನೇ ಮಾಡುತ್ತಿದೆ. ಸದ್ದೇ ಇಲ್ಲದೆ, ಅಳಲಾಗದೆ ತುಟಿ ನೀಲಿಯಾದರೆ ಅದು ಅಪಾಯ. ಬೆನ್ನು ನೆಟ್ಟಗೆ ಮಾಡಿ ಕೂರಿಸಿ ಉಣಿಸಿ, ಮಲಗಿಸಿ ಬೇಡ. ನಿಜವಾಗಿ ಸಿಕ್ಕಿಕೊಳ್ಳುವುದು ನೆಲಗಡಲೆ, ಇಡೀ ದ್ರಾಕ್ಷಿ, ಕೊಬ್ಬರಿ ಚೂರು, ಮಸೆದ ಗಂಜಿಯಲ್ಲ. ಒಂದು ತಿಂಗಳ ನಂತರ ಮತ್ತೆ ತೂಗಿ. 250 ಗ್ರಾಂ ಕೂಡ ಏರದಿದ್ದರೆ ಮಕ್ಕಳ ವೈದ್ಯರಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಐದು ತಿಂಗಳ ಮಗ. ಮಳೆಗೆ ಬಟ್ಟೆ ಒಣಗದ ಕಾರಣ ದಿನವಿಡೀ ಡೈಪರ್. ತೊಡೆಸಂದಿ ಕೆಂಪಾಗಿದೆ. ಪೌಡರ್ ಹಾಕಿದಷ್ಟೂ ಹೆಚ್ಚುತ್ತಿದೆ. (ಬೈಂದೂರು)

ಉತ್ತರ: ಮಡಿಕೆ ಬಿಡಿಸಿ ಹಗಲು ಬೆಳಕಿನಲ್ಲಿ ನೋಡಿ. ಉಬ್ಬಿದ ಕಡೆ ಕೆಂಪಾಗಿ ಮಡಿಕೆಯ ಆಳ ಬೆಳ್ಳಗೇ ಇದ್ದರೆ ಅದು ಉಚ್ಚೆ, ಮಲ ತಾಗಿ ಬಂದ ಉರಿ. ಮಡಿಕೆಯ ಆಳವೇ ದಟ್ಟ ಕೆಂಪಾಗಿ, ಅಂಚಿನಾಚೆ ಕೆಂಪು ಚುಕ್ಕಿಗಳು ಬಿಡಿಬಿಡಿಯಾಗಿ ಚೆಲ್ಲಿದಂತಿದ್ದರೆ ಅದು ಫಂಗಸ್. ನೀವು ಬರೆದದ್ದು ಎರಡನೆಯದಕ್ಕೆ ಹತ್ತಿರವಿದೆ.

ಪೌಡರ್ ಇವತ್ತೇ ನಿಲ್ಲಿಸಿ. ಅದು ಬೆವರಿನಲ್ಲಿ ಕಲಸಿ ಮಡಿಕೆಯೊಳಗೆ ಹಿಟ್ಟಿನ ಹಾಗೆ ಗಟ್ಟಿಯಾಗಿ ಚರ್ಮ ಉಜ್ಜುತ್ತದೆ, ಉದುರಿದ ಧೂಳು ಮಗುವಿನ ಶ್ವಾಸಕ್ಕೂ ಹೋಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಡೈಪರ್ ಬದಲಿಸಿ, ಮಲ ಮಾಡಿದರೆ ಆ ಕ್ಷಣವೇ. ಬೆಚ್ಚಗಿನ ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ದಿನಕ್ಕೆ ನಾಲ್ಕೈದು ಸಲ ಕಾಲು ಗಂಟೆ ಹಾಗೇ ಗಾಳಿಗೆ ಬಿಡಿ. ಉರಿಗಾದರೆ ಜಿಂಕ್ ಆಕ್ಸೈಡ್ ಮುಲಾಮನ್ನು ಚರ್ಮ ಕಾಣದಷ್ಟು ದಪ್ಪ ಹಚ್ಚಿ. ಮುಂದಿನ ಸಲ ಅದನ್ನು ಕೆರೆದು ತೆಗೆಯಬೇಡಿ, ಮೇಲಿನ ಕೊಳೆ ಮಾತ್ರ ಒರೆಸಿ. ಫಂಗಸ್ಸಿಗೆ ವೈದ್ಯರಿಗೆ ತೋರಿಸಿ ಕ್ಲೋಟ್ರಿಮಜೋಲ್ 1% ಮುಲಾಮು ದಿನಕ್ಕೆ ಎರಡು ಸಲ ತೆಳ್ಳಗೆ. ಕೆಂಪು ಮಾಯವಾದ ಕೂಡಲೇ ನಿಲ್ಲಿಸಿದರೆ ವಾರದಲ್ಲಿ ಮರಳಿ ಬರುತ್ತದೆ, ಹೇಳಿದಷ್ಟು ದಿನ ಹಚ್ಚಿ. ಅಂಗಡಿಯವರು ಎಲ್ಲ ತುರಿಕೆಗೂ ಕೊಡುವ, ಬೀಟಾಮೆಥಾಸೋನ್ ಅಥವಾ ಕ್ಲೊಬೆಟಾಸೋಲ್ ಎಂದು ಬರೆದಿರುವ ಟ್ಯೂಬು ಬೇಡವೇ ಬೇಡ. ಮುಚ್ಚಿದ ಡೈಪರಿನಡಿ ಆ ಸ್ಟೀರಾಯ್ಡ್ ಹೆಚ್ಚು ಹೀರಿ ಚರ್ಮ ತೆಳುವಾಗುತ್ತದೆ.

ಬಟ್ಟೆ ಬಳಸುವವರು ಸೋಪಿನ ಜಿಗುಟು ಹೋಗುವವರೆಗೆ ಎರಡು ನೀರಿನಲ್ಲಿ ಹಿಂಡಿ, ಒಣಗಿದಂತೆ ಕಂಡರೂ ಎರಡೂ ಬದಿ ಇಸ್ತ್ರಿ ಹಾಕಿ. ಮುಟ್ಟಿದರೆ ತಣ್ಣಗನಿಸುವ ಬಟ್ಟೆ ಒಣಗಿಲ್ಲ ಎಂದೇ ತಿಳಿಯಿರಿ.

ಪ್ರಶ್ನೆ: ಒಂದು ವರ್ಷ ನಾಲ್ಕು ತಿಂಗಳ ಮಗು, 10 ಕೆ.ಜಿ. ಜ್ವರ 101 ಇತ್ತು. ಡ್ರಾಪ್ಸ್ ಮುಗಿದಿತ್ತು ಎಂದು ಪಕ್ಕದ ಮನೆಯವರ ಸಿರಪ್ಪನ್ನು ಅದೇ 1.5 ಮಿ.ಲೀ. ಕೊಟ್ಟೆವು. ಜ್ವರ ಇಳಿಯಲೇ ಇಲ್ಲ. (ಕಂಕನಾಡಿ)

ಉತ್ತರ: ಹೆಸರು ಒಂದೇ ಆದರೂ ಡ್ರಾಪ್ಸ್ ಮತ್ತು ಸಿರಪ್ಪಿನ ಸಾಂದ್ರತೆ ಬೇರೆ ಬೇರೆ. ಪ್ಯಾರಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ಯಲ್ಲಿ 100 ಮಿ.ಗ್ರಾಂ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 125, ಇನ್ನೊಂದರಲ್ಲಿ 5 ಮಿ.ಲೀ.ಗೆ 250. ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಲೆಕ್ಕ. ನಿಮ್ಮ ಮಗುವಿಗೆ 150 ಮಿ.ಗ್ರಾಂ ಎಂದರೆ ಡ್ರಾಪ್ಸ್ 1.5 ಮಿ.ಲೀ., 120ರ ಸಿರಪ್ ಸುಮಾರು 6 ಮಿ.ಲೀ., 250ರದ್ದು 3 ಮಿ.ಲೀ. ನೀವು ಕೊಟ್ಟದ್ದು 120ರ ಸಿರಪ್ಪಾಗಿದ್ದರೆ 36 ಮಿ.ಗ್ರಾಂ ಮಾತ್ರ ಹೋಗಿದೆ, ಇಳಿಯದಿರುವುದು ಸಹಜ. ತಪ್ಪು ಇನ್ನೊಂದು ದಿಕ್ಕಿಗೆ ಆದರೆ, ಅಂದರೆ ಡ್ರಾಪ್ಸನ್ನು 6 ಮಿ.ಲೀ. ಕೊಟ್ಟರೆ, 600 ಮಿ.ಗ್ರಾಂ ಆಗುತ್ತದೆ. ಮಗುವಿಗೆ ಇಡೀ ದಿನಕ್ಕೆ ಮಿತಿಯಾದ ಮದ್ದು ಒಂದೇ ಗುಕ್ಕಿಗೆ ಹೋದಂತೆ. ಹಾಗೇನಾದರೂ ಆದರೆ ಲಕ್ಷಣಕ್ಕೆ ಕಾಯದೆ ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಯಕೃತ್ತಿನ ತೊಂದರೆ ಮೊದಲ ದಿನ ಹೊರಗೆ ಕಾಣುವುದಿಲ್ಲ.

ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜು ಒಳ್ಳೆಯದು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ಶೀತದ ಸಿರಪ್ಪುಗಳಲ್ಲೂ ಪ್ಯಾರಸಿಟಮಾಲ್ ಬೆರೆತಿರುವುದುಂಟು, ಎರಡನ್ನೂ ಕೊಟ್ಟು ದುಪ್ಪಟ್ಟು ಮಾಡಬೇಡಿ.

ಮಂಗಳೂರಿನಲ್ಲಿ ಮಳೆಗಾಲದ ಜ್ವರ ಎಂದರೆ ಮಲೇರಿಯಾ, ಡೆಂಗಿ ಎರಡೂ ತಲೆಯಲ್ಲಿರಬೇಕು. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಗುಣವಾಯಿತೆಂದು ಕೂರಬೇಡಿ, ಡೆಂಗಿಯ ಅಪಾಯದ ಹೊತ್ತು ಅದು. ಈ ವಯಸ್ಸಿನಲ್ಲಿ ಶಾಂತವಾಗಿದ್ದಾಗ ನಿಮಿಷಕ್ಕೆ 40 ಅಥವಾ ಹೆಚ್ಚು ಉಸಿರಾಡಿದರೆ, ಮಗು ಕುಡಿಯದಿದ್ದರೆ ಅದೇ ದಿನ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಮನೆಮದ್ದಿಗೂ ಡ್ರಾಪ್ಸಿಗೂ ಸಮಯವಿಲ್ಲ, ನೇರ ವೈದ್ಯರಲ್ಲಿಗೆ.

ಪ್ರಶ್ನೆ: ಎರಡು ವರ್ಷದ ಮಗುವಿಗೆ ಭೇದಿ. ಓಆರ್‌ಎಸ್ ಕುಡಿಯುವುದಿಲ್ಲ, ಬೊಂಡ (ಎಳನೀರು) ಕುಡಿಯುತ್ತದೆ. ಸಾಕೇ? (ಮಲ್ಪೆ)

ಉತ್ತರ: ಸಾಲದು. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಭೇದಿಯಲ್ಲಿ ಮುಖ್ಯವಾಗಿ ಕಳೆದುಹೋಗುವ ಸೋಡಿಯಂ ತೀರಾ ಕಡಿಮೆ. ಊಟದ ನಡುವೆ ಸ್ವಲ್ಪ ಕೊಡಬಹುದು, ಓಆರ್‌ಎಸ್ ಬದಲಿಗೆ ಅಲ್ಲ. ಪೊಟ್ಟಣ ಎರಡು ಅಳತೆಯಲ್ಲಿ ಬರುತ್ತದೆ, ಒಂದು ಲೀಟರಿನದ್ದು ಮತ್ತು 200 ಮಿ.ಲೀ.ಯದ್ದು. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಐದು ಪಟ್ಟಾಗಿ ಅಪಾಯ. ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಪೊಟ್ಟಣ ಕಲಸಿ, 24 ಗಂಟೆ ದಾಟಿದ್ದನ್ನು ಚೆಲ್ಲಿ. ಪ್ರತಿ ಭೇದಿಯ ನಂತರ 100ರಿಂದ 200 ಮಿ.ಲೀ., ಲೋಟದಲ್ಲಿ ಒಮ್ಮೆಗೇ ಅಲ್ಲ, ನಿಮಿಷಕ್ಕೊಂದು ಚಮಚದಂತೆ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಶುರು ಮಾಡಿ. ತಣ್ಣಗೆ ಮಾಡಿದರೆ ಹಠಮಾರಿ ಮಗುವೂ ಕುಡಿಯುತ್ತದೆ. ಜೊತೆಗೆ ಜಿಂಕ್ 20 ಮಿ.ಗ್ರಾಂ ದಿನಕ್ಕೊಮ್ಮೆ, ಭೇದಿ ನಿಂತರೂ ಪೂರ್ತಿ 14 ದಿನ. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಚಮಚ ನಿಲ್ಲಿಸಬೇಡಿ.