ದೊಡ್ಡಹುಣಸೆಗೆ ಎರಡು ಪುಟ

ಡೊಂಬಿವಲಿಯ ಓದುಗರೆ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಎರಡು ತಕರಾರುಗಳಿವೆ. ಮುಂಬೈ ಭಾಯ್ಖಳಾದ ರಾಣಿ ಬಾಗ್ ಎಂಬ ಸಸ್ಯತೋಟ-ಮೃಗಾಲಯದ ಬಗ್ಗೆ ನಾವು ಹಾಕಿದ ಲೇಖನದಲ್ಲಿ ‘ಬಾವೊಬಾಬ್ ಮರ ನಮ್ಮ ಕಡೆ ಇಲ್ಲ’ ಎಂದಿರುವುದು ಸುಳ್ಳು ಅಂತ ಒಂದು. ‘ಮಕ್ಕಳು ಅಲ್ಲಿ ಹೋಗೋದೇ ಪೆಂಗ್ವಿನ್ ನೋಡಕ್ಕೆ, ಮರಗಳಿಗೆ ನಾಲ್ಕು ಪುಟ ಯಾಕೆ ದಂಡ ಮಾಡಿದಿರಿ?’ ಅಂತ ಇನ್ನೊಂದು.

ಮೊದಲನೆಯದು ನನ್ನದೇ ತಪ್ಪು. ಆ ಸಾಲು ಲೇಖಕರದ್ದಲ್ಲ, ಪುಟ ತುಂಬಿಸಲು ನಾನು ಸೇರಿಸಿದ್ದು. ನೀವೋ ಸವಣೂರಿನ ಕಲ್ಮಠದ ಮೂರು ದೊಡ್ಡಹುಣಸೆ (ಅಂದರೆ ಬಾವೊಬಾಬ್) ಮರಗಳ ಕೆಳಗೆ ಆಡಿ ಬೆಳೆದವರು! ಅದೇ ಮರ ಮರಾಠಿಯಲ್ಲಿ ಗೋರಖ ಚಿಂಚ. ಚಿಂಚ ಅಂದರೂ ಹುಣಸೆಯೇ ಅಲ್ವಾ? ಆಫ್ರಿಕಾದ ಮರ, ಹುಣಸೆಗೂ ಅದಕ್ಕೂ ನಂಟಿಲ್ಲ. ಕಾಯಿಯೊಳಗಿನ ಹುಳಿ ಪುಡಿ ಬಾಯಿಗೆ ಹಾಕಿಕೊಂಡವರು ಎರಡೂ ಕಡೆ ಒಂದೇ ಹೆಸರಿಟ್ಟರು.

ನಿಮ್ಮ ಪತ್ರ ಓದಿ ರಾಣಿ ಬಾಗ್‌ನ ದೊಡ್ಡಹುಣಸೆಯನ್ನು ಮತ್ತೆ ನೋಡಿ ಬರೋಣ ಅಂತ ಹೊರಟೆ. (ಬುಧವಾರ ರಜೆ ಎನ್ನುವುದು ಗೇಟಿನ ಹತ್ತಿರ ನೆನಪಾಯಿತು. ಗುರುವಾರ ಇನ್ನೊಮ್ಮೆ ಹೋದೆ.) ಮಳೆ ಆಗಷ್ಟೇ ನಿಂತಿತ್ತು. ಆನೆಗಾಲಿನಂಥ ಬುಡದ ಪಕ್ಕ ಅಂಗೈಯಗಲದ ಬಿಳಿ ಹೂ ಬಿದ್ದಿತ್ತು, ಅಂಚು ಆಗಲೇ ಕಂದು. ಇದು ಅರಳುವುದು ರಾತ್ರಿ, ಬಾವಲಿಗಳಿಗಾಗಿ. ಮಾರನೇ ದಿನ ಬಾಡಿ ಉದುರುತ್ತದೆ.

ಎರಡನೆಯದನ್ನು ನಾನು ಒಪ್ಪುವುದಿಲ್ಲ. 1862ರಲ್ಲಿ ಈ ತೋಟ ತೆರೆದಾಗ ಭಾಯ್ಖಳಾ ಸಾಹುಕಾರರ ಬಂಗಲೆ, ತೋಟಗಳ ಜಾಗ. ಆ ಬಂಗಲೆಗಳ ಗುರುತು ಈಗ ಹುಡುಕಬೇಕು. ಸುಮಾರು 50 ಎಕರೆಯ ಈ ತೋಟ ಮಾತ್ರ ಉಳಿದಿದೆ. ಮೊದಲು ಬಂದದ್ದು ಗಿಡಗಳು, ಪ್ರಾಣಿಗಳು ಆಮೇಲೆ. ಪೆಂಗ್ವಿನ್ ಅಂತೂ 2016ರಲ್ಲಿ ಬಂದ ನೆಂಟರು. ತೋಟ ಸುಮ್ನೆ ಉಳಿದಿಲ್ಲ. ವಿದೇಶಿ ಮಾದರಿಯ ಮೃಗಾಲಯ ಮಾಡುವ ಯೋಜನೆ ಬಂದಾಗ, ಮರಗಳಿಗೆ ಕುತ್ತು ಅಂತ ಊರಿನ ಜನ ಹಟ ಹಿಡಿದು ಹೋರಾಡಿದರು.

ಮಕ್ಕಳ ಮಾತು ಎತ್ತಿದಿರಿ. ಅವತ್ತು ನನ್ನ ಜೊತೆ ಪಕ್ಕದ ಮನೆಯ ಅಜ್ಜಿ, ಮೊಮ್ಮಗಳು ಬಂದಿದ್ದರು. ಹುಡುಗಿ ಹುಟ್ಟಿದ್ದು, ಓದುತ್ತಿರುವುದು ಎಲ್ಲಾ ಇಲ್ಲೇ. ಕಾಂಡಕ್ಕೇ ಹೂ ಬಿಟ್ಟ ಮರ ಕಂಡು, ಮರಾಠಿಯಲ್ಲಿ ಕರೆಯುವಂತೆ ‘ಕೈಲಾಸಪತಿ’ ಅಂದಳು. ಅಜ್ಜಿ, ‘ಏ, ಇದು ನಾಗಲಿಂಗ’ ಅಂದರು. ‘ಇಲ್ಲ ಅಜ್ಜಿ, ಟೀಚರ್ ಹೇಳಿದ್ದಾರೆ.’ ಅಜ್ಜಿ ಜಾಸ್ತಿ ಮಾತಾಡಲಿಲ್ಲ. ಕೆಳಗೆ ಬಿದ್ದ ಹೂ ಎತ್ತಿ ಬಾಗಿದ ಹೆಡೆಯನ್ನು ಬೆರಳಿನಿಂದ ಮೇಲೆತ್ತಿದರು. ಒಳಗೆ ಪುಟ್ಟ ಲಿಂಗ. ಹುಡುಗಿ ಪೆಂಗ್ವಿನ್ ಮರೆತು ಇನ್ನೊಂದು ಹೂ ಹುಡುಕತೊಡಗಿದಳು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇನೆ. ಸವಣೂರಿನ ಮರಗಳ ಬಗ್ಗೆ ನೀವೇ ಬರೆದು ಕಳಿಸಿ. ಎರಡು ಪುಟ ಕಾದಿರಿಸಿದ್ದೇನೆ. ನಾಲ್ಕು ಕೇಳಬೇಡಿ, ಯಾರಾದರೂ ಪತ್ರ ಬರೆದಾರು.

– ಸಂಪಾದಕ