ಗೇಟು ತೆಗೆದವರ ಮೇಲಿನ ಸಿಟ್ಟು ಅಣ್ಣನ ಮೇಲೆ ಯಾಕೆ?

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ. ತವರು ಅಫಜಲಪುರದ ಕಡೆ, ಅದೂ ಹೊಳೆ ದಂಡೆಯೇ. 2025ರ ಸೆಪ್ಟೆಂಬರಿನಲ್ಲಿ ಹೊಳೆ ಬಂದಾಗ ಅಣ್ಣನ ಮನೆಯೊಳಗೆ ಎದೆಮಟ್ಟ ನೀರು ನಿಂತಿತು, ಅತ್ತಿಗೆ, ಮಕ್ಕಳ ಜೊತೆ ನಮ್ಮಲ್ಲಿಗೆ ಬಂದ. ನಮ್ಮ ಮನೆ ಎತ್ತರದಲ್ಲಿದೆ. ನಾಲ್ಕು ಎಕರೆ ತೊಗರಿ ಮಾತ್ರ ಪೂರಾ ಹೋಯಿತು. ಅಣ್ಣ ರಾಜ್ಯದಲ್ಲಿ ಆಳುವ ಪಕ್ಷದ ಕಾರ್ಯಕರ್ತ, ನಮ್ಮ ಯಜಮಾನರು ಎದುರಿನ ಪಕ್ಷ. ಟಿವಿ ಮುಂದೆ ಕೂತಾಗ ಇವರು, "ನಿಮ್ಮವರೇ ಸೊನ್ನದ ಗೇಟ್ ತೆಗೆದು ಮುಳುಗಿಸಿದ್ರು" ಅಂದರು. ಅವನು, "ಉಜನಿ ನೀರು ಬಿಟ್ಟವರು ನಿಮ್ಮವರು" ಅಂದ. ಸೊನ್ನದ್ದು ಭೀಮೆಗೆ ನಮ್ಮ ಕಡೆ ಕಟ್ಟಿದ ಬ್ಯಾರೇಜು, ಉಜನಿ ಮೇಲೆ ಮಹಾರಾಷ್ಟ್ರದಲ್ಲಿರುವ ಅಣೆಕಟ್ಟು. ಬೆಳಕು ಹರಿಯುವುದರೊಳಗೆ ಮಕ್ಕಳನ್ನು ಎಬ್ಬಿಸಿಕೊಂಡು ತಮ್ಮೂರ ಕಾಳಜಿ ಕೇಂದ್ರಕ್ಕೆ ಹೊರಟೇ ಹೋದ. ಈಗ ಬೆಳೆ ಪರಿಹಾರದ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಅಣ್ಣನೇ ಹೇಳಿ ತೆಗೆಸಿದ್ದಾನೆ ಅಂತ ಇವರು ಗ್ರಾಮ ಆಡಳಿತಾಧಿಕಾರಿಯ ಮೈಮೇಲೆ ಹೋಗಿದ್ದರು. ಪಹಣಿ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇದೆ. ದೀಪಾವಳಿಗೆ ಕರೆಯಲು ಅಣ್ಣ ಬರುತ್ತಾನೋ ಇಲ್ಲವೋ. "ನೆರಿ ಬಂದಾಗ ರಾಜಕಾರಣ ಬ್ಯಾಡ" ಅಂತ ಎಲ್ಲರೂ ನನಗೇ ಬುದ್ಧಿ ಹೇಳುತ್ತಾರೆ. ಸಿಟ್ಟು ನನಗೂ ಇದೆ. ಸುಮ್ಮನೆ ಇದ್ದುಬಿಡಬೇಕಾ?

ಉತ್ತರ: ತಂಗಿ, ಸುಮ್ಮನಿರಬೇಕಾಗಿಲ್ಲ. ಮುಂಗಾರಿನ ದುಡಿಮೆಯೆಲ್ಲ ಕೆಸರಾದ ಮನೆಯವರಿಗೆ "ರಾಜಕಾರಣ ಬ್ಯಾಡ" ಅನ್ನುವುದು ಹೇಳುವವರಿಗೆ ಸಲೀಸು. ನೀರು ಯಾವಾಗ ಬಿಟ್ಟರು, ಎಷ್ಟು ತಾಸು ಮೊದಲು ಹೇಳಿದರು, ಡಂಗುರ ಸಾರಿಸಿದರೋ ಇಲ್ಲವೋ ಎಂಬುದೆಲ್ಲ ಕೇಳಲೇಬೇಕಾದ ಮಾತು. ಆದರೆ ನಿಮ್ಮ ಮನೆಯಲ್ಲಿ ಆ ಮಾತನ್ನು ಉತ್ತರ ಕೊಡಲಾಗದವರ ಮುಂದೆ ಕೇಳಿದ್ದಾರೆ. ಉಜನಿಯ ಗೇಟಿನ ಕೀಲಿ ನಿಮ್ಮ ಅಣ್ಣನ ಹತ್ತಿರ ಇರಲಿಲ್ಲ, ಸೊನ್ನದ್ದೂ ಇರಲಿಲ್ಲ.

ಮೊದಲು ಇಬ್ಬರ ವಾದದ ಲೆಕ್ಕ ನೋಡೋಣ. ಸೊನ್ನ ಬ್ಯಾರೇಜಿನಲ್ಲಿ ತುಂಬಾ ನಿಲ್ಲಿಸಿದರೂ ಹಿಡಿಯುವುದು ಸುಮಾರು 3.16 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಹರಿದರೆ ಒಂದು ದಿನಕ್ಕೆ 8.64 ಟಿಎಂಸಿ ನೀರು ಬರುತ್ತದೆ. ಅಂದರೆ ಖಾಲಿ ಬ್ಯಾರೇಜ್ ಒಂಬತ್ತು ತಾಸಿನೊಳಗೆ ಭರ್ತಿ. ದೊಡ್ಡ ನೆರೆಯಲ್ಲಿ ಹರಿವು ಅದರ ಹಲವು ಪಟ್ಟು ಇರುತ್ತದೆ. ಗೇಟ್ ಮುಚ್ಚಿದ್ದರೆ ಜೇವರ್ಗಿ ಕಡೆಯ ಊರು ಉಳಿಯುತ್ತಿತ್ತು ಅನ್ನುವ ಮಾತು ಇಲ್ಲಿಗೆ ಬಿತ್ತು. ಅಣ್ಣನ ಮಾತೂ ಅರ್ಧವೇ. ಸೀನಾ ನದಿ ಭೀಮೆಗೆ ಸೇರುವುದು ಉಜನಿ ದಾಟಿದ ಮೇಲೆ. ಆ ಸೆಪ್ಟೆಂಬರಿನಲ್ಲಿ ಸೊಲ್ಲಾಪುರ ಕಡೆ ಸೀನಾ ಉಕ್ಕಿ ಹರಿಯಿತು. ಉಜನಿಯ ಗೇಟನ್ನೆಲ್ಲ ಬಿಗಿದು ಕೂತಿದ್ದರೂ ಆ ನೀರು ನಿಲ್ಲುತ್ತಿರಲಿಲ್ಲ.

ಪಕ್ಷದ ಮಾತಿಗೂ ಒಂದು ತಾಳೆ ಇದೆ. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದಾಗ ಇಲ್ಲಿ ಬಿಜೆಪಿ ಸರ್ಕಾರ, ಮಹಾರಾಷ್ಟ್ರದಲ್ಲಿ ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಕೂಡಿ ಆಳುತ್ತಿದ್ದರು. 2025ರಲ್ಲಿ ಇಲ್ಲಿ ಕಾಂಗ್ರೆಸ್, ಅಲ್ಲಿ ಬಿಜೆಪಿ ಮುಂದಾಳುತನದ ಕೂಟ. ಅದಲು ಬದಲಾಗಿತ್ತು, ಹೊಳೆ ಎರಡು ಸಲವೂ ಬಂತು. ಹಾಗಂತ ಯಾರದ್ದೂ ತಪ್ಪಿಲ್ಲ ಅಂತಲ್ಲ. ಮಳೆ ಮುನ್ಸೂಚನೆ ಇದ್ದಾಗ ಜಲಾಶಯದಲ್ಲಿ ಜಾಗ ಮಾಡಿಕೊಂಡರೇ, ನೀರನ್ನು ಹಂತಹಂತವಾಗಿ ಬಿಟ್ಟರೇ, ಆ ಸುದ್ದಿ ನಿಮ್ಮ ಪಂಚಾಯಿತಿಗೆ ಎಷ್ಟು ಹೊತ್ತಿಗೆ ಮುಟ್ಟಿತು: ತಪ್ಪು ಇದ್ದರೆ ಈ ಮೂರರಲ್ಲೇ ಸಿಗುತ್ತದೆ.

ಕೇಳುವ ದಾರಿ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬಹಳ ಅರ್ಜಿಗಳು ಬೀಳುವುದು ಇಲ್ಲೇ, ಎರಡು ಪುಟ ಸಂಕಟ ಬರೆದು ಕೊನೆಗೆ "ಯಾರು ಹೊಣೆ?" ಅಂತ ಕೇಳುತ್ತಾರೆ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಡತದಲ್ಲಿ ಇರುವುದು ಮಾತ್ರ, ಅಭಿಪ್ರಾಯ ಸಿಗುವುದಿಲ್ಲ. ಹೀಗೆ ಬರೆಯಿರಿ: "ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಸೊನ್ನ ಬ್ಯಾರೇಜಿನ ಒಳಹರಿವು, ಹೊರಹರಿವಿನ ತಾಸುವಾರು ದಾಖಲೆಯ ಪ್ರತಿ ಕೊಡಿ." ಪಂಚಾಯಿತಿಗೆ ಮುನ್ನೆಚ್ಚರಿಕೆ ಬಂದ ಪತ್ರ, ಅದು ಬಂದ ತಾರೀಖು, ಹೊತ್ತು ಕೇಳಲು ಇನ್ನೊಂದು ಅರ್ಜಿ. ತಪ್ಪು ಕಚೇರಿಗೆ ಹೋದರೂ ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರ ಕೆಲಸ.

ಇನ್ನು ಪಟ್ಟಿ. ಅಣ್ಣ ಹೆಸರು ತೆಗೆಸಿದ ಅನ್ನುವುದನ್ನು ನಾನು ಇನ್ನೂ ನಂಬುವುದಿಲ್ಲ, ಕಾರಣ ನಿಮ್ಮ ಪತ್ರದಲ್ಲೇ ಇದೆ. ಬೆಳೆ ಪರಿಹಾರದ ದುಡ್ಡು ಪಹಣಿಯ ಹೆಸರು, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಆಧಾರ್, ಬ್ಯಾಂಕ್ ಖಾತೆ ನಾಲ್ಕೂ ಕೂಡಿದರೆ ಮಾತ್ರ ಬರುತ್ತದೆ. ಪಹಣಿ ತೀರಿಹೋದ ಮಾವನ ಹೆಸರಿನಲ್ಲಿದ್ದರೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಅದನ್ನು ತಡೆಯಲು ಅಲ್ಲಿ ಯಾರೂ ಬೇಕಿಲ್ಲ.

ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಯಜಮಾನರ ಫ್ರೂಟ್ಸ್ ಐಡಿಯಲ್ಲಿ ಆ ಸರ್ವೆ ನಂಬರ್ ಇದೆಯೇ ನೋಡಿಸಿ. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಆಗ್ಯದ ಏನು?" ಅಂತಲೇ ಕೇಳಿ, ಆಧಾರ್ ಕೊಟ್ಟಿದ್ದೇವೆ ಅಂದರೆ ಸಾಲದು, ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಅದರ ಜೊತೆ ಅಪ್ಪನ ಹೆಸರು ಇದ್ದರೂ ತಕರಾರು ಬರುತ್ತದೆ. ಜೊತೆಗೇ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಆಗಲು, ಅರ್ಜಿ ಹಾಕಿ. ಮಾವನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಬೇಕು. ಕಂದಾಯ ಇಲಾಖೆಯ ಇ-ಪೌತಿ ಆಂದೋಲನದಲ್ಲಿ ಈ ಕೆಲಸ ಊರಲ್ಲೇ ಮಾಡುವವರು ಗ್ರಾಮ ಆಡಳಿತಾಧಿಕಾರಿ, ನಿಮ್ಮವರು ಮೈಮೇಲೆ ಹೋದ ಅದೇ ಮನುಷ್ಯ.

ಅದಾದ ಮೇಲೆ ತಹಶೀಲ್ದಾರರಿಗೆ ಅರ್ಜಿ: ಸರ್ವೆ ನಂಬರ್, ಎಕರೆ, ಬೆಳೆ, ನೀರು ನಿಂತ ದಿನ, ಜಾಗ ಮತ್ತು ತಾರೀಖು ಬೀಳುವ ಫೋಟೊ. ಸ್ವೀಕೃತಿಯ ಶಿಕ್ಕಾ ಇಲ್ಲದೆ ಬರಬೇಡಿ. ಬರುವ ದುಡ್ಡಿನ ಅಂದಾಜೂ ಇರಲಿ. ಕೇಂದ್ರದ 2022–26ರ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ರಾಜ್ಯ ಈ ನೆರೆಗೆ ಅದರ ಮೇಲೆ ಇನ್ನೊಂದು 8,500 ಘೋಷಿಸಿತು. ನಾಲ್ಕು ಎಕರೆ ಅಂದರೆ 1.62 ಹೆಕ್ಟೇರ್, ಸುಮಾರು 27,500 ರೂಪಾಯಿ. ಬೀಜ, ಗೊಬ್ಬರ, ಕೂಲಿ ಲೆಕ್ಕ ಹಾಕಿದರೆ ಇದು ಕಡಿಮೆ. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ದರ ಬರೆದವರಿಗೆ ಸಲ್ಲಬೇಕು, ದರದಂತೆ ಬರೆದುಕೊಳ್ಳುವವರಿಗಲ್ಲ. ಬೆಳೆ ವಿಮೆ ಕಟ್ಟಿದ್ದರೆ ಅದು ಬೇರೆಯೇ ದಾರಿ. ಹೊಲದಲ್ಲಿ ನೀರು ನಿಂತ 72 ತಾಸಿನೊಳಗೆ ಬೆಳೆ ವಿಮೆಯ ಸಹಾಯವಾಣಿ 14447ಕ್ಕೆ ಹೇಳಬೇಕಿತ್ತು. ಆ ಗಡುವು ಮುಗಿದಿದೆ. ಆದರೂ ಬೆಳೆ ಕಟಾವು ಪ್ರಯೋಗದಲ್ಲಿ ನಿಮ್ಮ ಭಾಗದ ಇಳುವರಿ ಕಡಿಮೆ ಬಂದರೆ ಆ ಲೆಕ್ಕದ ಪರಿಹಾರ ಇನ್ನೂ ಇದೆ, ಅದಕ್ಕೆ ಬೇರೆ ದೂರು ಬೇಡ.

ಅಣ್ಣನ ಮನೆಯ ಸಂಗತಿ ಇನ್ನೂ ಕಷ್ಟದ್ದು. ಬಿದ್ದ ಮನೆಗಳನ್ನು ಇಲ್ಲಿ ಎ, ಬಿ, ಸಿ ಅಂತ ವಿಂಗಡಿಸುತ್ತಾರೆ: ಶೇ 75ಕ್ಕಿಂತ ಹೆಚ್ಚು ಹಾನಿ ಎ, 25ರಿಂದ 75 ಬಿ, 15ರಿಂದ 25 ಸಿ. ಕೇಂದ್ರದ ಅದೇ 2022–26ರ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಬಿದ್ದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮಣ್ಣಿನ ಗೋಡೆ ಪಂಚನಾಮೆಯ ದಿನ ನೆಟ್ಟಗೆ ನಿಂತಿದ್ದು, ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುತ್ತದೆ. ಆಗ ಮರುಪರಿಶೀಲನೆಗೆ ಅರ್ಜಿ ಕೊಡಬೇಕು, ಕುಸಿದ ಮಣ್ಣನ್ನು ಫೋಟೊ ಹಿಡಿಯುವ ಮೊದಲು ಎತ್ತಬಾರದು. ಹೊಲದಲ್ಲಿ ಮೂರು ಇಂಚಿಗಿಂತ ಹೆಚ್ಚು ಹೂಳು ನಿಂತಿದ್ದರೆ ಅದನ್ನು ತೆಗೆಯಲು ಆ ನಿಯಮದಲ್ಲೇ ಹೆಕ್ಟೇರಿಗೆ 18,000 ಇದೆ. ಬೆಳೆ ಪರಿಹಾರ ಕೇಳುವ ಭರದಲ್ಲಿ ಇದನ್ನು ಮರೆಯುತ್ತಾರೆ. ಅಣ್ಣನಿಗೆ ಫೋನ್ ಮಾಡಲು ನಿಮಗೆ ಇದೇ ನೆಪ ಸಾಕು. "ಅಣ್ಣಾ, ಅವತ್ತಿನ ಮಾತು ಬ್ಯಾಡ. ಮನಿ ಪಂಚನಾಮಿ ಆತೇನು, ಯಾವ ಗ್ರೇಡಿಗೆ ಹಾಕ್ಯಾರ? ಹೊಲದಾಗ ಹೂಳು ಎಷ್ಟು ನಿಂತದ?" ಅನ್ನಿ. ಕ್ಷಮೆ ಕೇಳು ಅಂತ ಇಬ್ಬರಿಗೂ ಈಗಲೇ ಹೇಳಬೇಡಿ. ಗಂಡಸರಿಬ್ಬರೂ ಯಾರು ಮೊದಲು ಅಂತ ಇನ್ನೊಂದು ಜಗಳಕ್ಕೆ ಕೂರುತ್ತಾರೆ.

ಯಜಮಾನರಿಗೆ ಬುದ್ಧಿ ಹೇಳಬೇಡಿ, ಕೆಲಸ ಹೇಳಿ. "ರೀ, ಅವನ ಪಕ್ಷಕ್ಕ ಎಷ್ಟು ಬೇಕಾದ್ರೂ ಬೈರಿ, ಅವನ ಮಕ್ಕಳು ಮನ್ಯಾಗ ಇರೋವಾಗ ಬೈಬ್ಯಾಡ್ರಿ. ನಾಳೆ ನಾಡಕಚೇರಿಗೆ ಹೋಗೋಣು ನಡೀರಿ." ಕೆಲಸದ ಮೇಲಿರುವ ಸರ್ಕಾರಿ ನೌಕರನ ಮೈಮೇಲೆ ಕೈ ಹಾಕಿ ಕರ್ತವ್ಯಕ್ಕೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂನಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ, ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಅವರು ಒಪ್ಪಿದರೆ ಆ ಅಧಿಕಾರಿಯ ಹತ್ತಿರ ನೀವೂ ಜೊತೆಗೆ ಹೋಗಿ, "ಸಾಹೇಬ್ರ, ಅವತ್ತು ತಪ್ಪಾಯ್ತು, ಪೌತಿ ಅರ್ಜಿ ತಂದೀವಿ" ಅಂದರೆ ಸಾಕು. ವಾಟ್ಸಾಪಿನ ಮನೆ ಗುಂಪಿನಲ್ಲಿ ಗೇಟಿನ ವಿಡಿಯೊ ಬಂದರೆ ಯಾವ ಅಣೆಕಟ್ಟು, ಯಾವ ದಿನದ್ದು ಅಂತ ಒಂದೇ ಪ್ರಶ್ನೆ ಹಾಕಿ. ವಾದ ಮಾಡಬೇಡಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಇಬ್ಬರ ಕೈಯಲ್ಲೂ ಹಾಕಿಸಿ: ಬ್ಯಾರೇಜಿನ ದಾಖಲೆ ಯಜಮಾನರು, ಮುನ್ನೆಚ್ಚರಿಕೆಯ ಪತ್ರ ಅಣ್ಣ. ಆಳುವ ಪಕ್ಷದವನೇ ತನ್ನ ಸರ್ಕಾರವನ್ನು ಕಾಗದದಲ್ಲಿ ಕೇಳಿದರೆ ಅದಕ್ಕೆ ತೂಕ ಹೆಚ್ಚು, ಅದನ್ನು ಅವನಿಗೆ ಹಾಗೆಯೇ ಹೇಳಿ. ಅವನು ಒಲ್ಲೆ ಅಂದರೆ ಆ ಅರ್ಜಿಗೆ ನೀವೇ ಸಹಿ ಮಾಡಿ. ಸಿಟ್ಟು ನಿಮಗೂ ಇದೆಯಲ್ಲ.

ಕೊನೆಗೆ, ಪತ್ರದಲ್ಲಿ ಇಲ್ಲದ ಒಂದು ಮಾತು. ಯಜಮಾನರಾಗಲಿ ಅಣ್ಣನಾಗಲಿ ರಾತ್ರಿ ಮಲಗದಿದ್ದರೆ, ಮಳೆ ಸದ್ದಿಗೆ ಎದ್ದು ಕೂರುತ್ತಿದ್ದರೆ, ಕುಡಿತ ಹೆಚ್ಚಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಕೊಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ಇನ್ನು ಬದುಕಿ ಏನು ಮಾಡೋದು" ಅನ್ನುವ ಮಾತು ಬಾಯಲ್ಲಿ ಬಂದರೆ ಒಬ್ಬರನ್ನೇ ಹೊಲಕ್ಕೆ ಕಳಿಸಬೇಡಿ, ಬೆಳೆಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿ ಮನೆಯಿಂದ ಆಚೆ ಇಡಿ, ಅದೇ ದಿನ ಕಲಬುರಗಿಯ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.