ಅಗಿಯದೆ ನುಂಗಿದ ಮುದ್ದೆ ಹೊಟ್ಟೆಯೊಳಗೆ ಏನಾಗುತ್ತದೆ?

ಮಂಡ್ಯದ ಕಡೆಯ ಮನೆಗೆ ಅಳಿಯನಾಗಿ ಹೋಗಿ, ಮೊದಲ ಊಟದಲ್ಲೇ ಮುದ್ದೆಯನ್ನು ಅಗಿದು ಎಲ್ಲರ ನಗೆಗೆ ಗುರಿಯಾದೆ ಎಂದು ಬರೆದಿದ್ದೀರಿ. ತುತ್ತಿಗೆ 32 ಸಲ ಅಗಿಯಬೇಕೆಂದು ಶಾಲೆಯಲ್ಲಿ ಕಲಿತ ನಿಮಗೆ ಎರಡು ಅನುಮಾನ: ಅಗಿಯದ ಮುದ್ದೆ ಜೀರ್ಣವಾಗುತ್ತದೆಯೇ? ಗಂಟಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ?

ನಾನು ವೈದ್ಯನಲ್ಲ. 11 ವರ್ಷಗಳಿಂದ ಎಂಡೋಸ್ಕೋಪಿ ಕೊಠಡಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಕಡೆ, ತಂತ್ರಜ್ಞನಾಗಿದ್ದೇನೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುವುದು, ಕೊಳವೆ ತೊಳೆಯುವುದು, ಡಾಕ್ಟರ ಹಿಂದೆ ನಿಂತು ಪರದೆ ನೋಡುವುದು ನನ್ನ ಕೆಲಸ. ಊರು ತುಮಕೂರಿನ ಕಡೆ, ಅಂದರೆ ಹಲ್ಲು ಬಂದಾಗಿನಿಂದ ಮುದ್ದೆ ನುಂಗುತ್ತಾ ಬಂದವನು.

ಜೀರ್ಣವಾಗುತ್ತದೆ, ಸಂಶಯ ಬೇಡ. ಹಿಂದಿನ ರಾತ್ರಿ ಎಂಟಕ್ಕೆ ಮುದ್ದೆ ಉಂಡು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರ ಜಠರದಲ್ಲಿ ಮುದ್ದೆಯ ಸುಳಿವೂ ಇರುವುದಿಲ್ಲ. ಇದ್ದರೆ ಡಾಕ್ಟರು ಬೇರೆ ಕಾರಣ ಹುಡುಕುತ್ತಾರೆ. ಹಳೆಯ ಸಕ್ಕರೆ ಕಾಯಿಲೆಯಿಂದ ಜಠರದ ನರಗಳು ಸೋತಿರಬಹುದು, ಇಲ್ಲವೇ ಜಠರದ ಹೊರಬಾಗಿಲು ಕಿರಿದಾಗಿರಬಹುದು.

ಅಗಿಯುವುದಾದರೂ ಏಕೆ? ಆಹಾರವನ್ನು ಚೂರು ಮಾಡಲು, ಜೊಲ್ಲು ಬೆರೆಸಿ ಜಾರುವಂತೆ ಮಾಡಲು. ರಾಗಿಯ ಮಟ್ಟಿಗೆ ಮೊದಲ ಕೆಲಸವನ್ನು ಗಿರಣಿ ಮುಗಿಸಿರುತ್ತದೆ, ಎರಡನೆಯದನ್ನು ಬಸ್ಸಾರು ನೋಡಿಕೊಳ್ಳುತ್ತದೆ. ಮುದ್ದೆಯನ್ನು ಅಗಿಯಹೊರಟರೆ ಅದು ಹಲ್ಲಿಗೂ ಅಂಗುಳಕ್ಕೂ ಮೆತ್ತಿಕೊಳ್ಳುತ್ತದೆಯೇ ಹೊರತು ಇನ್ನಷ್ಟು ಸಣ್ಣದಾಗುವುದಿಲ್ಲ. ಒಂದು ನಷ್ಟ ಇದೆ, ಒಪ್ಪುತ್ತೇನೆ. ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಇರುತ್ತದೆ. ನುಂಗುವವರ ತುತ್ತಿಗೆ ಅದು ಸರಿಯಾಗಿ ಬೆರೆಯುವುದಿಲ್ಲ. ಆದರೆ ಕೆಳಗೆ ಸಣ್ಣ ಕರುಳಿಗೆ ಮೇದೋಜೀರಕ ಗ್ರಂಥಿಯೂ ಅಮೈಲೇಸ್ ಸುರಿಸುತ್ತದೆ. ಪಿಷ್ಟದ ಬಹುಪಾಲು ಕೆಲಸ ನಡೆಯುವುದು ಅಲ್ಲಿಯೇ.

ಬಾಯಿಯ ನೆರವಿಲ್ಲದೆ ಜಠರ ಏನು ಮಾಡಬಲ್ಲದು ಎಂಬುದನ್ನು ಕಣ್ಣಾರೆ ಕಂಡವನು ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಬಂದೂಕಿನ ಗುಂಡು ತಗುಲಿತು. ಬದುಕಿದ, ಆದರೆ ಹೊಟ್ಟೆಯ ಗಾಯ ಜಠರಕ್ಕೆ ಕಿಂಡಿಯಾಗಿ ಉಳಿದುಬಿಟ್ಟಿತು. 1825ರಲ್ಲಿ ಬೋಮಾಂಟ್ ಮಾಂಸ, ಬ್ರೆಡ್ಡು, ಎಲೆಕೋಸುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ಕಿಂಡಿಯಿಂದಲೇ ಇಳಿಬಿಟ್ಟ. ಒಂದು ಗಂಟೆಗೆ ಬ್ರೆಡ್ಡೂ ಎಲೆಕೋಸೂ ಅರ್ಧ ಕರಗಿದ್ದವು, ಎರಡು ಗಂಟೆಗೆ ಬೇಯಿಸಿದ ಮಾಂಸವೂ ಮಾಯವಾಗಿತ್ತು. ಹಲ್ಲನ್ನೇ ಕಾಣದ ಆಹಾರ ಅದು. ಸೇಂಟ್ ಮಾರ್ಟಿನ್‌ನ ಪಾಡು ನೆನೆದರೆ ಮಾತ್ರ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಗಂಟಲಿನ ವಿಷಯ. ಗಾಳಿಯ ದಾರಿ ಮತ್ತು ಅನ್ನದ ದಾರಿ ಒಂದನ್ನೊಂದು ದಾಟುವ ಜಾಗ ಅದು. ನುಂಗುವಾಗ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲೇರಿ ಮುಚ್ಚಳದಡಿ ಸೇರುತ್ತದೆ, ಉಸಿರು ಸುಮಾರು ಒಂದು ಕ್ಷಣ ನಿಲ್ಲುತ್ತದೆ. ಕತ್ತಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ, ಗಂಟು ಮೇಲೆ ಜಿಗಿಯುವುದು ತಿಳಿಯುತ್ತದೆ. ಉಣ್ಣುತ್ತಾ ಮಾತಿಗೋ ನಗುವಿಗೋ ಇಳಿದರೆ ಈ ತಾಳ ತಪ್ಪುತ್ತದೆ. ಆಗ ನಾವು ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತೇವೆ. ಹತ್ತಿದ್ದು ನೆತ್ತಿಗಲ್ಲ, ಶ್ವಾಸನಾಳದ ಬಾಯಿಗೆ.

ನಮ್ಮ ಕೊಳವೆಯ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ. ಮುಂಬಲ್ಲಿನಿಂದ ಸುಮಾರು 15ಕ್ಕೆ ಅನ್ನನಾಳ ಶುರು. ಅದರ ಬಾಯಿಯೇ ಇಡೀ ದಾರಿಯ ಅತಿ ಇಕ್ಕಟ್ಟಾದ ಜಾಗ. ಅಲ್ಲಿ ಡಾಕ್ಟರು ‘ನುಂಗಿ, ನುಂಗಿ’ ಎನ್ನುವುದು ಅದಕ್ಕೇ. ಸುಮಾರು 40ಕ್ಕೆ ಜಠರ ಬರುತ್ತದೆ. ನಡುವಿನ 25 ಸೆಂಟಿಮೀಟರಿನಲ್ಲಿ ತುತ್ತು ತಾನಾಗಿ ಬೀಳುವುದಿಲ್ಲ. ಹಿಂದಿನ ಸ್ನಾಯು ಬಿಗಿದು ಮುಂದಿನದು ಸಡಿಲವಾಗುವ ಅಲೆಯೊಂದು ಅದನ್ನು ಹತ್ತು ಸೆಕೆಂಡಿನೊಳಗೆ ಕೆಳಗೆ ದಾಟಿಸುತ್ತದೆ. ಮಲಗಿ ನುಂಗಿದರೂ ಆಹಾರ ಹೊಟ್ಟೆ ಸೇರುವುದು ಇದರಿಂದಲೇ. ಕೊನೆಯಲ್ಲಿರುವ ಬಿಗಿಯುಂಗುರ ಸಡಿಲವಾದರೆ ಆಮ್ಲ ಮೇಲೆ ಬಂದು ಹುಳಿತೇಗು, ಎದೆಯುರಿ. ಎಡಮಗ್ಗುಲಿಗೆ ಮಲಗಿದಾಗ ಈ ಉಂಗುರ ಆಮ್ಲದ ಮಡುವಿಗಿಂತ ಮೇಲಿರುತ್ತದೆ. ಊಟದ ನಂತರ ಎಡಕ್ಕೆ ಮಲಗು ಎನ್ನುವ ಅಜ್ಜಿಯ ಮಾತಿಗೆ ಆಧಾರವಿದೆ.

ಜಠರವನ್ನು ಚೀಲ ಎನ್ನುವುದು ಅರ್ಧ ಸತ್ಯ. ಮೇಲ್ಭಾಗ ಹಿಗ್ಗಿ ಊಟವನ್ನು ಹಿಡಿದಿಡುತ್ತದೆ, ಕೆಳಭಾಗ ಒರಳಿನಂತೆ ಅರೆಯುತ್ತದೆ. ನಿಮಿಷಕ್ಕೆ ಸುಮಾರು ಮೂರು ಅಲೆಗಳು ಆಹಾರವನ್ನು ಹೊರಬಾಗಿಲಿಗೆ ತಳ್ಳುತ್ತವೆ. ಬಾಗಿಲು ಜರಡಿಯಂತೆ ಒಂದೆರಡು ಮಿಲಿಮೀಟರಿನ ಚೂರುಗಳನ್ನಷ್ಟೇ ಬಿಟ್ಟು ಉಳಿದದ್ದನ್ನು ಮತ್ತೆ ಅರೆಯಲು ಹಿಂದಕ್ಕಟ್ಟುತ್ತದೆ. ನೀವು ಅಗಿಯದೆ ಬಿಟ್ಟ ಕೆಲಸ ಇಲ್ಲಿ ಮುಗಿಯುತ್ತದೆ. ಆಚೆ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್‌ನಲ್ಲಿ ಪಿತ್ತರಸವೂ ಮೇದೋಜೀರಕ ರಸವೂ ಸೇರುತ್ತವೆ. ನಮ್ಮ ಕೊಳವೆಯೂ ಸಾಮಾನ್ಯವಾಗಿ ಅಲ್ಲಿಂದಲೇ ಹಿಂದಿರುಗುತ್ತದೆ.

ಸಿಕ್ಕಿಕೊಳ್ಳುವ ಭಯ ಪೂರ್ತಿ ಸುಳ್ಳಲ್ಲ. ಆದರೆ ಅನ್ನನಾಳದಲ್ಲಿ ಕಚ್ಚಿಕೊಂಡಿದ್ದ ಮುದ್ದೆಯನ್ನು ನಾನು ಕಂಡಿಲ್ಲ. ಬಾಡೂಟದ ಮರುದಿನ ಎಂಜಲನ್ನೂ ನುಂಗಲಾಗದೆ ಬಂದವರಿಂದ ನಾವು ತೆಗೆದದ್ದೆಲ್ಲ ಮಾಂಸದ ತುಂಡು, ಮೂಳೆ. ಮುದ್ದೆ ನುಂಗುವ ಓಘದಲ್ಲಿ ಪಕ್ಕದ ಮಾಂಸವನ್ನೂ ನುಂಗಿದವರು, ಹಲ್ಲುಸೆಟ್ಟಿನ ಹಿರಿಯರು. ಪಾರ್ಶ್ವವಾಯು ಆದವರಿಗಂತೂ ವೈದ್ಯರನ್ನು ಕೇಳದೆ ಮುದ್ದೆ ಕೊಡಬೇಡಿ. ಯಾವ ಆಹಾರವಾದರೂ ಎದೆಯಲ್ಲಿ ನಿಂತಂತೆ ಪದೇ ಪದೇ ಅನ್ನಿಸಿದರೆ ಸೋಡಾ ಕುಡಿದು ದಿನ ದೂಡದೆ ತೋರಿಸಿಕೊಳ್ಳಿ.

ಮುಂದಿನ ಸಲ ತುತ್ತನ್ನು ನೆಲ್ಲಿಕಾಯಿಗಿಂತ ಚಿಕ್ಕದಾಗಿ ಮುರಿದು, ಸಾರಿನಲ್ಲಿ ಚೆನ್ನಾಗಿ ಹೊರಳಿಸಿ, ಬಾಯಿ ಮುಚ್ಚಿ ನುಂಗಿ. ನಿಮ್ಮ ಮಾವನವರು ಆ ಹೊತ್ತಿಗೆ ಏನಾದರೂ ಕೇಳಿದರೆ, ನುಂಗಿದ ಮೇಲೆ ಉತ್ತರ ಕೊಡಿ.